ಕಲಬುರಗಿಯ ಗುಮ್ಮಟ, ಮಹಾಗಾಂವದ ಹೊಲ

ವಿಜಯಪುರದಲ್ಲಿ ಗೋಳಗುಮ್ಮಟ ನೋಡುವುದು, ರಾತ್ರಿ ಕಲಬುರಗಿಯಲ್ಲಿ ಮಲಗುವುದು, ಬೆಳಗ್ಗೆ ನಾಷ್ಟಾ ಮುಗಿಸಿ ಬೀದರಿಗೆ ಹೊರಡುವುದು. ಬೆಂಗಳೂರು, ಮೈಸೂರು ಕಡೆಯಿಂದ ಬರುವ ಎಷ್ಟೋ ಕುಟುಂಬಗಳ ಪ್ರವಾಸದ ಯೋಜನೆ ಇಷ್ಟೇ. ಅವರ ಕಾರುಗಳು ಹುಮನಾಬಾದ್ ರಸ್ತೆ ಹಿಡಿದು ನಮ್ಮ ಮಹಾಗಾಂವ ಕ್ರಾಸ್ ದಾಟಿ ಹೋಗುವುದನ್ನು ನೋಡುತ್ತಲೇ ನಾವು ದೊಡ್ಡವರಾದೆವು. ಕಲಬುರಗಿ ಅವರಿಗೆ ರಾತ್ರಿ ತಂಗುವ ಊರು ಮಾತ್ರ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ವಿಜಯಪುರದಲ್ಲಿ, ಬೀದರಿನಲ್ಲಿ ಅವರು ಕತ್ತೆತ್ತಿ ನೋಡುವ ಗುಮ್ಮಟಗಳು ಮೊದಲು ರೂಪ ಪಡೆದದ್ದು ಅವರು ಮಲಗಿ ಎದ್ದುಹೋದ ಊರಿನಲ್ಲಿಯೇ.

ಅದಕ್ಕೇ ನನ್ನದೊಂದು ವಿನಂತಿ. ಕಲಬುರಗಿಗೆ ಎರಡು ದಿನ ಕೊಡಿ. ಇನ್ನೊಂದು ದಿನ ಮಿಕ್ಕಿದರೆ ನಮ್ಮ ರಸ್ತೆಗೆ ಕೊಡಿ. ಬರುವುದು ಈಗ ಕಷ್ಟವೇನಲ್ಲ. 2019ರ ನವೆಂಬರಿನಿಂದ ವಿಮಾನ ನಿಲ್ದಾಣವಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ವಂದೇ ಭಾರತ್ ರೈಲು ಶುರುವಾಗಿದೆ. ಮುಂಬೈ ಕಡೆಯ ಮುಖ್ಯ ರೈಲುಮಾರ್ಗವಂತೂ ಮೊದಲಿನಿಂದ ಊರ ಮಗ್ಗುಲಲ್ಲೇ ಇದೆ. ಏಪ್ರಿಲ್, ಮೇ ತಿಂಗಳು ಮಾತ್ರ ಬೇಡ. ಆಗ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿ ಮೀರುತ್ತದೆ, ಕಲ್ಲಿನ ಅಂಗಳದಲ್ಲಿ ಬರಿಗಾಲಿಡಲು ಆಗುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ತನಕ ಬನ್ನಿ.

ಇಲ್ಲಿ ನೋಡುವ ವರಸೆ ಮುಖ್ಯ. ಸಿಕ್ಕಸಿಕ್ಕ ಕಡೆ ಆಟೋ ನಿಲ್ಲಿಸಿ ಇಳಿದರೆ ಎಲ್ಲ ಗುಮ್ಮಟಗಳೂ ಒಂದೇ ಥರ ಕಾಣುತ್ತವೆ. ಕಟ್ಟಿದ ಕ್ರಮದಲ್ಲಿಯೇ ನೋಡಿದರೆ ಒಂದೊಂದೂ ಹಿಂದಿನದಕ್ಕಿಂತ ಬೇರೆಯಾಗುತ್ತ ಹೋಗುವುದು ಕಣ್ಣಿಗೆ ಬೀಳುತ್ತದೆ. ದೌಲತಾಬಾದಿನಲ್ಲಿ ದೆಹಲಿಯ ತುಘಲಕರ ವಿರುದ್ಧ ದಂಗೆ ಎದ್ದ ಸರದಾರರ ನಾಯಕ ಅಲಾವುದ್ದೀನ್ ಹಸನ್ 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ. ಕಲಬುರಗಿ ಅದರ ರಾಜಧಾನಿಯಾಯಿತು. 1420ರ ದಶಕದಲ್ಲಿ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ನಡುವಿನ ಈ ಸುಮಾರು ಮುಕ್ಕಾಲು ಶತಮಾನದ ಕೆಲಸವೆಲ್ಲ ಊರಿನೊಳಗೇ ಇದೆ, ಪಶ್ಚಿಮದ ಕೋಟೆಯಿಂದ ಪೂರ್ವದ ದರ್ಗಾದವರೆಗೆ.

ಮೊದಲು ಕೋಟೆಯ ಹೊರಗಿರುವ ಆರಂಭದ ಸುಲ್ತಾನರ ಗೋರಿಗಳಿಗೆ ಹೋಗಬೇಕು. ಇಲ್ಲಿಗೆ ಬರುವವರೇ ಕಡಿಮೆ. 1358ರಲ್ಲಿ ತೀರಿಕೊಂಡ ಹಸನ್‌ನ ಗೋರಿ ಇಲ್ಲಿದೆ. ದಪ್ಪ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ, ಗುಮ್ಮಟ ತಗ್ಗು, ಅಲಂಕಾರ ಇಲ್ಲವೇ ಇಲ್ಲವೆನ್ನಬಹುದು. ದೆಹಲಿಯ ತುಘಲಕರ ಕಟ್ಟಡಗಳನ್ನು ನೋಡಿದವರಿಗೆ ಗುರುತು ಹತ್ತುತ್ತದೆ. ದೆಹಲಿಯ ಆಳ್ವಿಕೆಯನ್ನು ಕಿತ್ತೊಗೆದವರು ಕಟ್ಟುವಾಗ ದೆಹಲಿಯ ಶೈಲಿಯನ್ನೇ ಬಳಸಿದರು. ಅವರಿಗೆ ಆಗ ಗೊತ್ತಿದ್ದದ್ದು ಅದೊಂದೇ. ಈ ತಗ್ಗು ಗುಮ್ಮಟವನ್ನು ನೆನಪಿನಲ್ಲಿಟ್ಟುಕೊಂಡು ಕೋಟೆಯೊಳಕ್ಕೆ ಬನ್ನಿ.

ಕಂದಕ, ಜೋಡಿ ಗೋಡೆ, ಕೊತ್ತಲಗಳನ್ನು ದಾಟಿ ಒಳಗೆ ಬಂದರೆ ಬಾಲಾ ಹಿಸಾರ್ ಕಾಣುತ್ತದೆ. ಕಿಟಕಿಯಿಲ್ಲದ, ಗಟ್ಟಿ ಕಲ್ಲಿನ ಎತ್ತರದ ಕೊತ್ತಲ ಅದು. ಕೋಟೆಯ ಮೇಲೆ 29 ಅಡಿ ಉದ್ದದ ಬಾರಾ ಗಜಿ ತೋಪಿದೆ, ಮಕ್ಕಳಿದ್ದರೆ ಮೊದಲು ಅಲ್ಲಿಗೇ ಓಡುತ್ತಾರೆ. ಓಡಲಿ. ದೊಡ್ಡವರು ಮಾತ್ರ ಜಾಮಿ ಮಸೀದಿಗೆ ಸಮಯ ಉಳಿಸಿಕೊಳ್ಳಬೇಕು. ಕರ್ನಾಟಕದಲ್ಲಿ ನಾನು ಕಂಡ ಒಳಾಂಗಣಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇರಾನಿನ ಕಜ್ವಿನ್ ಮೂಲದ ರಫಿ ಎಂಬವನು ಇದನ್ನು 1367ರಲ್ಲಿ ಕಟ್ಟಿದನೆಂದು ಶಾಸನ ಹೇಳುತ್ತದೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲ. ಭಾರತದ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಸೂರು ಹಾಕಿದ್ದಾನೆ. ಸೂರಿನ ಮೇಲೆ ಸಣ್ಣ ಸಣ್ಣ ಗುಮ್ಮಟಗಳ ಸಾಲು, ನಾಲ್ಕು ಮೂಲೆಗೆ ನಾಲ್ಕು ಮಧ್ಯಮ ಗಾತ್ರದವು, ಪಶ್ಚಿಮದಲ್ಲಿ ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ದೊಡ್ಡದೊಂದು. ಇಷ್ಟು ದೊಡ್ಡ ಜಾಗವನ್ನು ಪೂರ್ತಿ ಮುಚ್ಚಿದರೆ ಒಳಗೆ ಕತ್ತಲೆಯಾಗಬೇಕಿತ್ತು. ರಫಿ ಮಾಡಿದ ಉಪಾಯ ಸರಳ. ಮೂರು ಕಡೆಯ ಹೊರಗೋಡೆಗಳನ್ನು ಕಮಾನುಗಳಾಗಿ ತೆರೆದುಬಿಟ್ಟ.

ಬೆಳಗ್ಗೆ ಎಂಟರ ಹೊತ್ತಿಗೆ ಹೋಗಿ, ಒಂದು ಮೂಲೆಯ ಗುಮ್ಮಟದ ಕೆಳಗೆ ನಿಂತು ಎರಡೂ ಕಡೆ ಕಣ್ಣು ಹಾಯಿಸಿ. ಹೊರಸುತ್ತಿನ ಮೊಗಸಾಲೆಯ ಕಮಾನುಗಳ ಅಗಲ ಬಹಳ, ಕಂಬಗಳು ಮೋಟು. ನೆಲಕ್ಕೆ ತೀರಾ ಹತ್ತಿರದಿಂದಲೇ ಕಮಾನು ಎದ್ದು, ದೂರದವರೆಗೆ ಚಾಚಿ, ಮತ್ತೆ ನೆಲದ ಹತ್ತಿರಕ್ಕೇ ಇಳಿಯುತ್ತದೆ. ಅದರ ಹಿಂದೆ ಅಂಥದೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಳಗಿನ ಸಾಲುಗಳಲ್ಲಿ ಕಮಾನಿನ ಅಗಲ ಕಿರಿದಾಗಿ ಎತ್ತರ ಹೆಚ್ಚುತ್ತದೆ. ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ಮೊದಲಿನ ಸಾಲು ಮರೆಯಾಗಿ ಓರೆಯ ಸಾಲೊಂದು ತೆರೆದುಕೊಳ್ಳುತ್ತದೆ. ಬಣ್ಣವಿಲ್ಲ, ಕೆತ್ತನೆಯಿಲ್ಲ, ಬರಿಯ ಬಿಳಿ ಗಾರೆ. ಪೂರ್ವದ ಕಮಾನುಗಳಿಂದ ಬಂದ ಬೆಳಕು ಗಾರೆಗೆ ತಾಗಿ ಒಳಗಡೆಗೆ ಹೋದಂತೆ ಸಣ್ಣಗಾಗುತ್ತದೆ. ಇಲ್ಲಿ ಸುಮ್ಮನೆ ಅಡ್ಡಾಡಬೇಕು. ಮಾರ್ಗದರ್ಶಿ ಪುಸ್ತಕಗಳೆಲ್ಲ ಇದನ್ನು ಸ್ಪೇನಿನ ಕಾರ್ಡೋಬಾ ಮಸೀದಿಗೆ ಹೋಲಿಸುತ್ತವೆ. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಕಾರ್ಡೋಬಾದಲ್ಲಿ ಕಿತ್ತಳೆ ಮರಗಳ ದೊಡ್ಡ ಅಂಗಳವಿದೆ, ತೆಳು ಕಂಬಗಳ ಮೇಲೆ ಎರಡಂತಸ್ತಿನ ಕಮಾನುಗಳಿವೆ. ರಫಿಯ ಕಟ್ಟಡದಲ್ಲಿ ಅಂಗಳವಿಲ್ಲ, ತೆಳುವಾದದ್ದು ಒಂದೂ ಇಲ್ಲ. ಇದರ ಸೊಗಸೇ ಈ ಮೋಟುತನದಲ್ಲಿ, ಈ ಅಗಲದಲ್ಲಿ. ವಿಚಿತ್ರವೆಂದರೆ ಇಷ್ಟು ಚೆಂದದ ಯೋಜನೆಯನ್ನು ಮುಂದೆ ದಖ್ಖನಿನಲ್ಲಿ ಯಾರೂ ಈ ಪ್ರಮಾಣದಲ್ಲಿ ಮತ್ತೆ ಕಟ್ಟಲಿಲ್ಲ.

ಅಲ್ಲಿಂದ ಊರು ದಾಟಿ ಪೂರ್ವಕ್ಕೆ ಬಂದರೆ ಹಫ್ತ್ ಗುಂಬಜ್. ಹೆಸರೇ ಹೇಳುವಂತೆ ಏಳು ಗುಮ್ಮಟಗಳು, ಹುಲ್ಲು ಬೆಳೆದ ಆವರಣದಲ್ಲಿ. ಬೆಳಗ್ಗೆ ನೋಡಿದ ಹಸನ್‌ನ ಗೋರಿಯ ಪಾಠ ಇಲ್ಲಿ ಮುಂದುವರಿಯುತ್ತದೆ. 1378ರಲ್ಲಿ ಕೊಲೆಯಾದ ಮುಜಾಹಿದ್ ಶಾಹನ ಗೋರಿಯಲ್ಲಿ ಅದೇ ತುಘಲಕ್ ಮಾದರಿ ಇನ್ನೂ ಉಳಿದಿದೆ. ಅದೇ ವರ್ಷ ಸತ್ತ ದಾವೂದ್ ಶಾಹನದರಲ್ಲಿ ಹೊಸದೊಂದು ಯೋಚನೆ ಹುಟ್ಟಿದೆ: ಒಂದೇ ಜಗತಿಯ ಮೇಲೆ ಎರಡು ಕೋಣೆ, ಎರಡು ಗುಮ್ಮಟ. ಕೊನೆಗೆ 1422ರಲ್ಲಿ ತೀರಿಕೊಂಡ ಎಂಟನೆಯ ಸುಲ್ತಾನ ಫಿರೋಜ್ ಶಾಹನ ಗೋರಿ. ಅದೇ ಜೋಡಿ ಯೋಚನೆ ಇಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಹೊರಗಿನಿಂದ ಎರಡಂತಸ್ತಾಗಿ ಕಾಣುವಂತೆ ಎದ್ದು ನಿಂತಿದೆ.

ಈ ಗೋರಿಯ ಬಾಗಿಲ ಹತ್ತಿರ ಹೋಗಿ ನೋಡಿ. ನುಣುಪು ಮಾಡಿದ ಕರಿಕಲ್ಲಿನ ಚೌಕಟ್ಟು, ಅದರ ಅರೆಗಂಬಗಳು ನಮ್ಮ ಗುಡಿಗಳವು. ಮೇಲಿನ ಇಳಿಜಾರು ಚಜ್ಜಾಕ್ಕೆ ಆಸರೆ ಕೊಟ್ಟ ಕಲ್ಲುತೋಳುಗಳೂ ಗುಡಿಯ ಶಿಲ್ಪಿಗಳ ಕೈಯವು. ಒಳಗೋಡೆಗಳ ಗಚ್ಚಿನಲ್ಲಿ ಮಾತ್ರ ಇರಾನಿನ ಬಳ್ಳಿ, ಪದಕಗಳು. ಮುಜಾಹಿದ್ ಶಾಹನ ಗೋರಿ ಕಟ್ಟಿದಾಗ ಇಲ್ಲಿ ಇದಾವುದೂ ಇರಲಿಲ್ಲ. ಫಿರೋಜ್ ವಿಜಯನಗರದ ಮೇಲೆ ಯುದ್ಧ ಮಾಡಿದ, ಅಲ್ಲಿಯ ರಾಜ ದೇವರಾಯನ ಮಗಳನ್ನು ಮದುವೆಯಾದ, ದೂರದೂರದ ವಿದ್ವಾಂಸರನ್ನು ಕರೆಸಿಕೊಂಡ, ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹೊಸ ಊರನ್ನೇ ಕಟ್ಟಿಸಿದ. ಅವನ ಕಾಲದಲ್ಲಿ ಕಲಬುರಗಿಗೆ ಯಾರ್ಯಾರು ಬಂದು ಕೂಡಿದರೆಂಬುದಕ್ಕೆ ಈ ಬಾಗಿಲೊಂದೇ ಸಾಕ್ಷಿ ಸಾಕು. ಇದನ್ನು ನೋಡಿದ ಮೇಲೆ ಬೀದರಿನ ಅಷ್ಟೂರಿಗೆ ಹೋದರೆ ಅಹಮದ್ ಶಾಹನ ಗೋರಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಇನ್ನೆರಡು ಶತಮಾನ ದಾಟಿದರೆ ಗೋಳಗುಮ್ಮಟ.

ಇಲ್ಲೊಂದು ಮಾತು ಹೇಳಲೇಬೇಕು. ಇಷ್ಟು ಮಹತ್ವದ ಜಾಗದಲ್ಲಿ ಯಾವ ಗೋರಿ ಯಾರದೆಂದು ಕನ್ನಡದಲ್ಲಿ ವಿವರವಾಗಿ ತಿಳಿಸುವ ಫಲಕ ಪ್ರತಿಯೊಂದರ ಮುಂದೂ ಇರಬೇಕು, ಕುಡಿಯುವ ನೀರು ಇರಬೇಕು, ಬಿಸಿಲಿಗೆ ಒಂದಿಷ್ಟು ನೆರಳು ಇರಬೇಕು. ಶಾಲೆಯ ಮಕ್ಕಳನ್ನು ದೂರದ ಊರುಗಳಿಗೆ ಪ್ರವಾಸ ಕರೆದೊಯ್ಯುವ ಮೊದಲು ನಮ್ಮದೇ ಜಿಲ್ಲೆಯ ಮಾಸ್ತರರು ಅವರನ್ನು ಇಲ್ಲಿಗೆ ಒಂದು ಮುಂಜಾನೆ ಕರೆತರಬೇಕು.

ಹಫ್ತ್ ಗುಂಬಜಿನಿಂದ ಸ್ವಲ್ಪ ದೂರದಲ್ಲೇ ಖ್ವಾಜಾ ಬಂದೇನವಾಜ್ ಗೇಸುದರಾಜರ ದರ್ಗಾ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಗೇಸುದರಾಜ್, ಚಿರಾಗ್-ಎ-ದೆಹಲಿ ನಾಸಿರುದ್ದೀನರ ಶಿಷ್ಯರು. 1398ರಲ್ಲಿ ತೈಮೂರ ದೆಹಲಿಯನ್ನು ಸೂರೆಮಾಡಿದಾಗ ಅಲ್ಲಿಂದ ಹೊರಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಕಲಬುರಗಿಗೆ ಬಂದರು. ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಿ 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅಂದರೆ ಫಿರೋಜ್ ಶಾಹ ಮತ್ತು ಬಂದೇನವಾಜ್ ಸತ್ತದ್ದು ಒಂದೇ ವರ್ಷ. ಮೊದಲು ಆದರದಿಂದ ಬರಮಾಡಿಕೊಂಡ ಸುಲ್ತಾನನಿಗೂ ಈ ಹಿರಿಯರಿಗೂ ಕಡೆಗಡೆಗೆ ಮನಸ್ತಾಪವಾಗಿತ್ತು. ಇಂದು ಸುಲ್ತಾನನ ಗೋರಿಯ ಮುಂದೆ ಪಾರಿವಾಳಗಳು, ದರ್ಗಾದ ಮುಂದೆ ಜನಜಾತ್ರೆ. ಉರುಸಿನಲ್ಲಿ ಗಂಧದ ಮೆರವಣಿಗೆ ಹೊರಟಾಗ ದರ್ಗಾದ ಬೀದಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ನಮ್ಮ ಹಳ್ಳಿಗಳಿಂದ ಹೋಗುವವರಲ್ಲಿ ವಿಭೂತಿ ಹಚ್ಚಿದವರೂ ಬಹಳ. ಮಗುವಿನ ಜಾವಳಕ್ಕೆ ಅಪ್ಪನ ಗುಡಿ, ಹರಕೆಗೆ ಬಂದೇನವಾಜ್ ಎಂದು ಎರಡಕ್ಕೂ ನಡೆದುಕೊಳ್ಳುವ ಮನೆಗಳು ಇಲ್ಲಿ ಹೊಸತಲ್ಲ.

ಅಪ್ಪನ ಗುಡಿ ಎಂದರೆ ಶರಣಬಸವೇಶ್ವರ ದೇವಸ್ಥಾನ. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ, ಒಕ್ಕಲುತನ ಮಾಡುತ್ತ, ಹಸಿದು ಬಂದವರಿಗೆ ಇಲ್ಲ ಎನ್ನದೆ ಉಣಿಸಿದ ಶರಣಬಸವರು 1822ರಲ್ಲಿ ಇಲ್ಲಿ ಲಿಂಗೈಕ್ಯರಾದರು. ಗುಡಿಯ ನಡುವೆ ಇರುವುದು ಅವರ ಸಮಾಧಿ. ಇಲ್ಲಿಗೆ ಬಂದವರು ದರ್ಶನ ಮಾಡಿ ಹಾಗೇ ಹೋಗಬಾರದು, ದಾಸೋಹದಲ್ಲಿ ಕೂತು ಉಣ್ಣಬೇಕು. ಪಕ್ಕದಲ್ಲಿ ಜೇವರ್ಗಿಯ ಹಮಾಲ, ಎದುರಿಗೆ ಕಾಲೇಜಿನ ಹುಡುಗಿ, ಆಚೆಗೆ ಆಸ್ಪತ್ರೆಗೆ ಬಂದ ಮುದುಕಿ. “ಇನ್ನಷ್ಟು ನೀಡ್ಲಿ ಏನ್ರೀ ಅಣ್ಣಾರ?” ಎಂದು ಬಡಿಸುವವರು ಕೇಳಿದಾಗ ಸಾಕು ಎನ್ನುವುದು ಕಷ್ಟ. ಹೋಳಿ ಹುಣ್ಣಿಮೆಯ ಬೆನ್ನಿಗೇ ಜಾತ್ರೆ. ಪೀಠಾಧಿಪತಿಗಳು ಪರುಷ ಬಟ್ಟಲು ಎತ್ತಿ ತೋರಿಸಿದ ಮೇಲೆ ತೇರು ಕದಲುತ್ತದೆ, ಉತ್ತತ್ತಿ, ಬಾಳೆಹಣ್ಣು ಆಕಾಶಕ್ಕೆ ಹಾರುತ್ತವೆ. ಜಾತ್ರೆ ಇಲ್ಲದ ದಿನಗಳಲ್ಲಿ ಸಂಜೆ ಅಪ್ಪನ ಕೆರೆಯ ದಂಡೆಗೆ ಹೋಗಿ. ಇಡೀ ಊರು ಗಾಳಿಗೆ ಬಂದು ಕೂತಿರುತ್ತದೆ.

ಎರಡನೆಯ ದಿನದ ಬೆಳಗನ್ನು ಸೇಡಂ ರಸ್ತೆಗೆ ಇಟ್ಟುಕೊಳ್ಳಿ. ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೇ ಹಳೆಯ ಗುಮ್ಮಟಗಳೊಳಗೆ. ಮುಂದೆ ವಿಶ್ವವಿದ್ಯಾಲಯದ ಹತ್ತಿರ ಬುದ್ಧ ವಿಹಾರ, 2009ರಲ್ಲಿ ಉದ್ಘಾಟನೆಯಾದದ್ದು. ಬಿಳಿಯ ದೊಡ್ಡ ಗುಮ್ಮಟ, ವಿಶಾಲ ಅಂಗಳ, ಒಳಗೆ ಮಾತಿಲ್ಲದ ಧ್ಯಾನಮಂದಿರ. ಇದು ಹೊಸ ಕಟ್ಟಡ, ನೋಡುವಂಥದ್ದೇನು ಎನ್ನುವವರಿಗೆ ಒಂದು ಮಾತು ನೆನಪಿಸುತ್ತೇನೆ. ಇದೇ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಸೂರು ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ರಾಣಿಯೊಂದಿಗೆ ನಿಂತ ಅಶೋಕನ ಶಿಲ್ಪವೂ, ಅದರ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರೂ ಸಿಕ್ಕವು. ಬುದ್ಧ ಈ ನೆಲಕ್ಕೆ ಬಂದು ಎರಡು ಸಾವಿರ ವರ್ಷ ದಾಟಿದೆ. ವಿಹಾರಕ್ಕೆ ಬರುವ ದಲಿತ ಕುಟುಂಬಗಳಿಗೆ ಇದು ತಮ್ಮ ಮನೆ, ಮಕ್ಕಳ ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ ತೊಟ್ಟು ಬಂದವರನ್ನು ಕಾಣಬಹುದು.

ಊಟದ ವಿಷಯಕ್ಕೆ ಬಂದರೆ, ಬೆಳಗ್ಗೆ ಸೂಪರ್ ಮಾರ್ಕೆಟ್ ಸುತ್ತ ಗಾಡಿಗಳ ಮುಂದೆ ಸೂಸಲಾ, ಮಿರ್ಚಿ ಭಜಿ. ಮಾಂಸ ತಿನ್ನುವವರು ಮುಸ್ಲಿಂ ಮೊಹಲ್ಲಾಗಳ ಹೋಟೆಲಿನಲ್ಲಿ ಬೆಳಗಿನ ಹೊತ್ತೇ ತಹಾರಿ ಕೇಳಬೇಕು. ಖೀಮಾ ಹಾಕಿ ಬೇಯಿಸಿದ ಈ ಅನ್ನ ಮಧ್ಯಾಹ್ನಕ್ಕೆ ಉಳಿದಿರುವುದಿಲ್ಲ. ಸಿಹಿಗೆ ಮಾಲಪುರಿ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ತೊಗರಿಬೇಳೆಯನ್ನು ಮಾತ್ರ ಇಲ್ಲಿಂದಲೇ ಕೊಂಡೊಯ್ಯಿರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸುಣ್ಣ, ಪೊಟ್ಯಾಶ್ ತುಂಬಿದ ನಮ್ಮ ಎರೆಮಣ್ಣಿನ ಬೇಳೆಯ ಕಟ್ಟಿನ ಸಾರಿನ ವಾಸನೆ ಬೇರೆ ಬೇಳೆಗೆ ಬರುವುದಿಲ್ಲ.

ಆ ಬೇಳೆ ಒಡೆಯುವ ಗಿರಣಿಗಳಿರುವ ನೆಹರೂ ಗಂಜ್, ಹುಮನಾಬಾದ್ ಬೇಸ್ ಕಡೆಯಿಂದಲೇ ನಮ್ಮ ರಸ್ತೆ ಶುರು. ಊರು ಬಿಟ್ಟು ತಾಜ್ ಸುಲ್ತಾನಪುರ ದಾಟಿದರೆ ಎರಡೂ ಕಡೆ ಕಪ್ಪು ಹೊಲ. ಕುರಿಕೋಟಾ ಸೇತುವೆಯ ಮೇಲೆ ಬೆಣ್ಣೆತೊರೆಯ ಹಿನ್ನೀರು ಕಾಣುತ್ತದೆ. ಮಹಾಗಾಂವ ಕ್ರಾಸಿನಲ್ಲಿ ಇಳಿಯಿರಿ. ಇಲ್ಲಿ ಟಿಕೆಟ್ ಕೊಟ್ಟು ನೋಡುವಂಥದ್ದು ಏನಿಲ್ಲ, ಇರುವುದು ಋತುಮಾನ. ಡಿಸೆಂಬರಿನಲ್ಲಿ ಬಂದರೆ ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ ಮುಂದಿಡುತ್ತಾರೆ. ಜನವರಿ ದಾಟಿದರೆ ಸೀತನಿ. ಬಿಳಿಜೋಳದ ತೆನೆ ಹಾಲು ತುಂಬಿ, ಇನ್ನೂ ಗಟ್ಟಿಯಾಗದೆ ಹಸಿರಾಗಿರುವಾಗ ಮುರಿದು ತರುತ್ತಾರೆ. ಹೊಲದ ಬದುವಿನಲ್ಲಿ ತಗ್ಗು ತೋಡಿ ಕುಳ್ಳು ಸುಟ್ಟು ಕೆಂಡ ಮಾಡಿ, ತೆನೆಗಳನ್ನು ಹೊರಳಿಸುತ್ತ ಬಾಡಿಸಬೇಕು. ಹೆಚ್ಚಾದರೆ ಅರಳಾಗುತ್ತದೆ, ಕಡಿಮೆಯಾದರೆ ಕಾಳು ಬಿಡುವುದಿಲ್ಲ. ಆ ಹದ ನಮ್ಮ ಕಾಕಾಗಳಿಗೆ ಗೊತ್ತು. ಬಿಸಿಯಿರುವಾಗಲೇ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ಹಸಿರು ಕಾಳನ್ನು ಬೊಗಸೆಗೆ ಸುರಿಯುತ್ತಾರೆ. ಒಂದು ಚಿಟಿಕೆ ಶೇಂಗಾ ಹಿಂಡಿ, ಒಂದು ತುಣುಕು ಬೆಲ್ಲ. ಅಂಗಡಿಯಲ್ಲಿ ಇದು ಸಿಗುವುದಿಲ್ಲ, ಹೊಲಕ್ಕೇ ಬರಬೇಕು.

ಮಹಾಗಾಂವದಿಂದ ಸ್ವಲ್ಪವೇ ದೂರದ ಹೊಳಕುಂದಾದಲ್ಲಿ ಬಹಮನಿ ಕಾಲದ ಇನ್ನೊಂದು ಗುಂಪು ಗೋರಿಗಳಿವೆ, ಅವುಗಳಲ್ಲೊಂದು ಸೂಫಿ ಶೇಖ್ ಮಹಮ್ಮದ್ ಮಶಾಯಖರದು. ಕಲಬುರಗಿಯ ಗುಮ್ಮಟಗಳನ್ನು ಕ್ರಮವಾಗಿ ನೋಡಿ ಬಂದ ಕಣ್ಣಿಗೆ ಇವು ಯಾವ ಕಾಲದವೆಂದು ಯಾರೂ ಹೇಳಬೇಕಿಲ್ಲ. ಬೆಳಕೋಟಾ ಕಡೆಗೆ ಹೊರಳಿದರೆ ಗಂಡೋರಿ ನಾಲಾ ಜಲಾಶಯ. ನೇರ ಮುಂದಕ್ಕೆ ಹೋದರೆ ಕಮಲಾಪುರ, ಅಲ್ಲಿ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಎರೆ ಮುಗಿದು ಕೆಂಪು ಮಣ್ಣು, ದಿಣ್ಣೆ, ಕಣಿವೆ. ಮರಗುತ್ತಿಯ ಬಳಿ ರೈಲು ಸುರಂಗದೊಳಗೆ ಹೋಗುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾದ ಮೇಲೆ ಕಮಲಾಪುರಕ್ಕೆ ರೈಲಿನಲ್ಲೂ ಬರಬಹುದು.

ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತಿದೆ. ನೀರು ನಿಲ್ಲದ ಈ ಕಣಿವೆಯ ಕೆಂಪು ಮಣ್ಣೇ ಅದಕ್ಕೆ ಬೇಕು. ಗಿಡದ ಕಾಂಡವೂ ಕೆಂಪು, ಗೊನೆಯೂ ಕೆಂಪು. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದಕ್ಕೆ ಒಂದೂವರೆ ವರ್ಷದವರೆಗೂ ಕಾಯಬೇಕು. ಅಷ್ಟು ದಿನ ಹೊಲ ಹಿಡಿದಿಡಲು ಸಣ್ಣ ರೈತನಿಗೆ ಆಗುವುದಿಲ್ಲ. ಹೀಗಾಗಿ ತೋಟ ಕಡಿಮೆ, ಹಣ್ಣಿನ ದರ ಹೆಚ್ಚು. ರಸ್ತೆ ಬದಿಯಲ್ಲಿ ಮಾರುವ ಅಕ್ಕ “ಇವತ್ತಿಗಿ ಬೇಕೇನ್ರಿ, ನಾಳಿಗ್ಯಾ?” ಎಂದು ಕೇಳಿ ಅದಕ್ಕೆ ತಕ್ಕಂತೆ ಹಣ್ಣು ಆರಿಸಿ ಕೊಡುತ್ತಾಳೆ. ದರಕ್ಕೆ ಜಗ್ಗಾಡಬೇಡಿ. ಸಿಪ್ಪೆ ಸುಲಿದರೆ ಒಳಗೆ ಕೆನೆಬಣ್ಣದ ಗಟ್ಟಿ ತಿರುಳು. ಒಂದು ಹಣ್ಣಿಗೆ ಹೊಟ್ಟೆ ತುಂಬುತ್ತದೆ.

ತಾರೀಖು ನೋಡಿಕೊಂಡು ಬರುವುದಾದರೆ ಎಳ್ಳ ಅಮಾವಾಸ್ಯೆಗೆ ಬನ್ನಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ. ಆ ದಿನ ಕಲಬುರಗಿಯ ಅಂಗಡಿಗಳು ಬಾಗಿಲು ಹಾಕಿ, ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಜೋಳದ ದಂಟಿನ ಗೂಡಿನಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ನೆಲಕ್ಕೆ ಚರಗ ಚೆಲ್ಲಿ, ಆಮೇಲೆ ಊಟ: ಹಸಿ ಕಾಳು, ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ, ಲಾಡ್ಜಿನಲ್ಲಿ ಇಳಿದ ಪರಊರಿನವರನ್ನೂ ಕರೆಯುತ್ತಾರೆ. ಮಹಾಗಾಂವ ಕ್ರಾಸಿನಲ್ಲಿ ನಿಂತು ಯಾವ ಟ್ರ್ಯಾಕ್ಟರಿಗೆ ಕೈ ಮಾಡಿದರೂ “ಬರ್ರಿ, ಹತ್ರಿ” ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡರೊಳಗೆ ಹೊಲ ಮುಟ್ಟಬೇಕು, ಚರಗ ಚೆಲ್ಲುವ ಮೊದಲು ಯಾರೂ ಉಣ್ಣುವುದಿಲ್ಲ. ತಲೆಗೆ ಒಂದು ಟವೆಲ್ ಇರಲಿ, ಕಾಲಿಗೆ ಗಟ್ಟಿ ಚಪ್ಪಲಿ ಇರಲಿ. ಊಟ ತರುವುದು ಬೇಡ.